ಕುದುರೆಮುಖಕ್ಕೆ ಒಂದು ಟೋಪೋಶೀಟ್: ಸರ್ವೆ ಆಫ್ ಇಂಡಿಯಾದ 48 ಓ/8

ಕುದುರೆಮುಖ ಹತ್ತಲು ಹೊರಟವರು ನನ್ನ ಹತ್ತಿರ ಮೊದಲು ಕೇಳುವುದು ಶೂ ಬಗ್ಗೆ, ಆಮೇಲೆ ಉಂಬಳದ (ಜಿಗಣೆಯ) ಬಗ್ಗೆ, ಆಮೇಲೆ ಪರ್ಮಿಟ್ ಬಗ್ಗೆ. ನಕ್ಷೆ ಯಾವುದು ಎಂದು ಕೇಳಿದವರು ತೀರಾ ಕಡಿಮೆ. ಫೋನಿನಲ್ಲಿ ಒಂದು ನೀಲಿ ಚುಕ್ಕೆ ಓಡಾಡುತ್ತದೆ, ಮುಂದೆ ಗೈಡ್ ಇರುತ್ತಾರೆ, ಇನ್ನು ನಕ್ಷೆ ಏಕೆ ಎಂಬುದು ಹೆಚ್ಚಿನವರ ಲೆಕ್ಕ. ಆ ಲೆಕ್ಕಕ್ಕೆ ಉತ್ತರವಾಗಿ ಈ ವಿಮರ್ಶೆ ಬರೆಯುತ್ತಿದ್ದೇನೆ.

ವಸ್ತು: ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಟೋಪೋಶೀಟ್, ಅಂದರೆ ನೆಲದ ಏರುತಗ್ಗು, ಹಳ್ಳ, ಊರು, ದಾರಿ ಎಲ್ಲ ತೋರಿಸುವ ನಕ್ಷೆ ಹಾಳೆ; ಜನಬಳಕೆಗೆ ಬಿಟ್ಟ ಓಪನ್ ಸೀರೀಸ್. ಹಳೆಯ ಪದ್ಧತಿಯಲ್ಲಿ ಸಂಖ್ಯೆ 48 ಓ/8. ಪಿಡಿಎಫ್ ಉಚಿತ, ಪ್ರಿಂಟ್ ಖರ್ಚು ನಮ್ಮದು. ನೆಲದ ಆಕಾರ ಓದುವುದಕ್ಕೆ ನಾನು ಇದಕ್ಕೆ ಐದಕ್ಕೆ ಐದು ಕೊಡುತ್ತೇನೆ. ಇವತ್ತಿನ ಕಾಲುದಾರಿ ತಿಳಿಯುವುದಕ್ಕೆ ಐದಕ್ಕೆ ಎರಡು. ಇವೆರಡು ಬೇರೆ ಬೇರೆ ಕೆಲಸ ಎಂದು ಅರ್ಥವಾದವರಿಗೆ ಈ ಹಾಳೆಯಷ್ಟು ಉಪಕಾರಿ ಸಾಮಾನು ಬ್ಯಾಗಿನಲ್ಲಿ ಇನ್ನೊಂದಿಲ್ಲ.

ನಾನು ಮೂಡಿಗೆರೆ ಸೀಮೆಯವಳು, ಪಿಯು ಮಕ್ಕಳಿಗೆ ಭೂಗೋಳ ಪಾಠ ಮಾಡುತ್ತೇನೆ. ಪ್ರಾಕ್ಟಿಕಲ್‌ನಲ್ಲಿ ಮಕ್ಕಳು ಟೋಪೋಶೀಟ್ ನೋಡುವುದು ಅಂಕಕ್ಕಾಗಿ: ಕೆಂಪು ಚೌಕ ಎಂದರೆ ಮನೆ, ನೀಲಿ ಎಂದರೆ ನೀರು, ಹಳದಿ ಎಂದರೆ ಸಾಗುವಳಿ. ಆ ಹಾಳೆ ಹಿಡಿದು ಬೆಟ್ಟಕ್ಕೆ ಹೋಗಬಹುದು ಎಂದು ಹೇಳಿದರೆ ಕಣ್ಣರಳಿಸುತ್ತಾರೆ. ಬೇರೆ ಊರಿನ ಹಾಳೆಯಲ್ಲಿ ಕಲಿತ ಕಾಂಟೂರು (ಎತ್ತರ ತೋರಿಸುವ ಕಂದು ಗೆರೆ) ಅವರಿಗೆ ಗೆರೆಯಾಗಿಯೇ ಉಳಿಯುತ್ತದೆ. ಕುದುರೆಮುಖದ ಹತ್ತಿರದ ಕಳಸ, ಸಂಸೆ ಇರುವ ಹಾಳೆಯನ್ನು ಮೇಜಿನ ಮೇಲೆ ಹರಡಿದ ದಿನ ಮಾತ್ರ "ಮೇಡಂ, ಇದು ನಮ್ಮ ದೊಡ್ಡಪ್ಪನ ಮನೆ ಹಿಂದಿನ ಗುಡ್ಡ" ಎಂಬ ಮಾತು ಬರುತ್ತದೆ. ಆ ಮಾತು ಬಂದರೆ ಅವತ್ತಿನ ಪಾಠ ಆದ ಹಾಗೆ.

ಮೊದಲು ಹಾಳೆ ಸಿಗುವ ಬಗೆ. ಸರ್ವೆ ಆಫ್ ಇಂಡಿಯಾದ ಆನ್‌ಲೈನ್ ನಕ್ಷೆ ತಾಣದಲ್ಲಿ ಹೆಸರು ನೋಂದಾಯಿಸಿ ಬೇಕಾದ ಹಾಳೆ ಇಳಿಸಿಕೊಳ್ಳಬಹುದು. ಇದು ಇಷ್ಟು ಸಲೀಸಾದದ್ದು ಈಚೆಗೆ. ಹಿಂದೆ ಗಡಿ ಮತ್ತು ಕರಾವಳಿಗೆ ಹತ್ತಿರವಿದ್ದ ಪಟ್ಟಿಯ ಹಾಳೆಗಳೆಲ್ಲ ನಿರ್ಬಂಧಿತ. ಕೇಳಿ ಪಡೆಯಲು ಅರ್ಜಿ, ಕಾರಣ, ಮೇಲಧಿಕಾರಿಯ ಸಹಿ ಎಲ್ಲ ಬೇಕಿತ್ತು. ಪಶ್ಚಿಮ ಘಟ್ಟದ ಏಣು (ಬೆಟ್ಟದ ಬೆನ್ನಿನಂಥ ಸಾಲು) ಕಡಲಿಗೆ ಎಷ್ಟು ಸಮೀಪ ಎಂದು ನಿಮಗೆ ಗೊತ್ತು. 2005ರ ರಾಷ್ಟ್ರೀಯ ನಕ್ಷಾ ನೀತಿ ಬಂದ ಮೇಲೆ ಸೈನ್ಯಕ್ಕೆ ಡಿಫೆನ್ಸ್ ಸೀರೀಸ್, ಜನಕ್ಕೆ ಓಪನ್ ಸೀರೀಸ್ ಎಂದು ಎರಡು ಕವಲಾಯಿತು. 1767ರಲ್ಲಿ ಶುರುವಾದ ಸಂಸ್ಥೆ 250 ವರ್ಷ ತುಂಬಿದ 2017ರಲ್ಲಿ ಓಪನ್ ಸೀರೀಸ್ ಹಾಳೆಗಳನ್ನು ಉಚಿತವಾಗಿ ಇಳಿಸಿಕೊಳ್ಳಲು ಬಿಟ್ಟಿತು. 2021ರ ಫೆಬ್ರುವರಿಯ ಮಾರ್ಗಸೂಚಿ ಬಂದು ನಕ್ಷೆ ಮಾಡುವುದು, ಹಂಚುವುದು ದೇಶದೊಳಗಿನವರಿಗೆ ಇನ್ನಷ್ಟು ಸಡಿಲವಾಯಿತು. ನಮ್ಮ ತೆರಿಗೆಯಲ್ಲಿ ಅಳೆದ ನೆಲದ ನಕ್ಷೆ ನಮ್ಮ ಕೈಗೆ ಬರಲು ಇಷ್ಟು ಕಾಲ ಹಿಡಿಯಿತು. ಬಂದ ಮೇಲೂ ನಾವು ಅದನ್ನು ಬಳಸದೆ ಬಿಟ್ಟರೆ ನಷ್ಟ ಯಾರಿಗೆ?

ಈ ಅಳತೆಯ ಬೇರು ಬಹಳ ಹಿಂದಕ್ಕೆ ಹೋಗುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಕೂಡಲೇ ಮೈಸೂರು ಸೀಮೆಯ ಸರ್ವೆ ಆರಂಭವಾಯಿತು, ಅದರ ಹೊಣೆ ಹೊತ್ತವನು ಕಾಲಿನ್ ಮೆಕೆಂಜಿ. ಅದೇ ಹೊತ್ತಿಗೆ ವಿಲಿಯಂ ಲ್ಯಾಂಬ್ಟನ್ ತ್ರಿಕೋನ ಸರ್ವೆಯ ಯೋಜನೆ ಮುಂದಿಟ್ಟ. 1802ರಲ್ಲಿ ಮದರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಆಧಾರರೇಖೆ ಅಳೆದು, ಅಲ್ಲಿಂದ ತ್ರಿಕೋನಗಳ ಸರಪಳಿಯನ್ನು ಪರ್ಯಾಯದ್ವೀಪದ ಉದ್ದಗಲಕ್ಕೆ ಹಬ್ಬಿಸಿ ಮಂಗಳೂರಿನ ತನಕ ತಂದ. ಕೋನ ಅಳೆಯುವ, ಅರ್ಧ ಟನ್ ತೂಕದ ಥಿಯೋಡೊಲೈಟ್ ಹೊತ್ತು ಬೆಟ್ಟದ ತುದಿ ಏರಿದವರ ಹೆಸರು ಯಾವ ಹಾಳೆಯ ಅಂಚಿನಲ್ಲೂ ಇಲ್ಲ. ಇವತ್ತಿಗೂ ಹಾಳೆಯಲ್ಲಿ ಕೆಲವು ಶಿಖರಗಳ ಮೇಲೆ ಕಾಣುವ ಸಣ್ಣ ತ್ರಿಕೋನ, ಪಕ್ಕದಲ್ಲಿ ಎತ್ತರದ ಅಂಕಿ, ಆ ಪರಂಪರೆಯ ಗುರುತು.

ಈಗ ಹಾಳೆಗೆ ಬರೋಣ. ಈ ಅಳತೆಯ ಪ್ರತಿ ಟೋಪೋಶೀಟ್ 15 ನಿಮಿಷ ಅಕ್ಷಾಂಶ, 15 ನಿಮಿಷ ರೇಖಾಂಶದ ಚೌಕ (ಒಂದು ಡಿಗ್ರಿಗೆ 60 ನಿಮಿಷ). 48 ಓ/8 ಹಾಳೆಗೆ ಬರುವುದು ಉತ್ತರ ಅಕ್ಷಾಂಶ 13 ಡಿಗ್ರಿಯಿಂದ 13 ಡಿಗ್ರಿ 15 ನಿಮಿಷ, ಪೂರ್ವ ರೇಖಾಂಶ 75 ಡಿಗ್ರಿ 15 ನಿಮಿಷದಿಂದ 75 ಡಿಗ್ರಿ 30 ನಿಮಿಷ. ನೆಲದ ಮೇಲೆ ಸುಮಾರು 27 ಕಿ.ಮೀ. ಅಗಲ, 27 ಕಿ.ಮೀ.ಗಿಂತ ತುಸು ಹೆಚ್ಚು ಉದ್ದ. ಕಾಗದದ ಮೇಲೆ ಅಂಚು ಬಿಟ್ಟು 54–55 ಸೆಂ.ಮೀ. ಆದ್ದರಿಂದ ಎ1 ಕಾಗದ ಬೇಕು. ಎ4 ತುಂಡುಗಳಲ್ಲಿ ತೆಗೆದು ಅಂಟಿಸಿದರೆ ಕಾಂಟೂರುಗಳು ಜೋಡಣೆಯಲ್ಲಿ ತಪ್ಪುತ್ತವೆ.

ಇಂಜಿನಿಯರುಗಳು ಮನೆ ಪ್ಲಾನ್ ತೆಗೆಸುವ ಪ್ಲಾಟರ್ ಅಂಗಡಿಗೆ ಹೋಗಿ. ಅಲ್ಲಿ ಒಂದು ಮಾತು ಮರೆಯದೆ ಹೇಳಿ: "ಫಿಟ್ ಟು ಪೇಜ್ ಬೇಡ, ನೂರಕ್ಕೆ ನೂರು ಸೈಜಿನಲ್ಲೇ ಕೊಡಿ." ಕಾಗದಕ್ಕೆ ಹೊಂದಿಸಲು ಹೋಗಿ ಕಂಪ್ಯೂಟರು ನಕ್ಷೆಯನ್ನು ತುಸು ಕುಗ್ಗಿಸಿದರೂ 1:50,000 ಎಂಬ ಮಾತು ಸುಳ್ಳಾಗುತ್ತದೆ. ಕೈಗೆ ಬಂದ ಕೂಡಲೇ ಅಂಗಡಿಯಲ್ಲೇ ಸ್ಕೇಲ್ ಇಟ್ಟು, ಕೆಳಗಿನ ಅಳತೆಪಟ್ಟಿಯನ್ನು ಪರೀಕ್ಷಿಸಿ. 5 ಕಿ.ಮೀ. ಎಂದರೆ ಸರಿಯಾಗಿ 10 ಸೆಂ.ಮೀ. ಬರಬೇಕು. ಸಾದಾ ಕಾಗದ ತರಗತಿಗೆ ಸಾಕು, ಬೆಟ್ಟಕ್ಕೆ ಸಾಲದು. ಕುದುರೆಮುಖದಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ. ಮಳೆಗಾಲ ಮುಗಿಯಿತು ಎಂದುಕೊಂಡ ಮೇಲೂ ಮಂಜು ಬಂದು ಬಟ್ಟೆಯೊಳಗೆಲ್ಲ ಇಳಿಯುತ್ತದೆ. ಹರಿಯದ, ನಾನ್-ಟಿಯರಬಲ್ ಶೀಟಿನಲ್ಲಿ ಪ್ರಿಂಟ್ ತೆಗೆಸಿ, ಮಡಿಸದೆ ಸುರುಳಿ ಸುತ್ತಿ, ನಡೆಯುವ ಭಾಗವನ್ನು ಮಾತ್ರ ಬೇರೆ ಎ3ಯಲ್ಲಿ ತೆಗೆಸಿ ಪ್ಲಾಸ್ಟಿಕ್ ಕವರಿಗೆ ಹಾಕಿ. ಲ್ಯಾಮಿನೇಶನ್ ನನಗೆ ಹಿಡಿಸದು. ಹೊಳಪಿಗೆ ಬಿಸಿಲಿನಲ್ಲಿ ಕಂದು ಗೆರೆ ಕಾಣುವುದಿಲ್ಲ, ಪೆನ್ಸಿಲಿನಲ್ಲಿ ಬರೆಯಲೂ ಆಗುವುದಿಲ್ಲ.

ಈ ಹಾಳೆಯ ಬಗ್ಗೆ ಯಾರೂ ಹೇಳದ ಸಂಗತಿ ಒಂದಿದೆ. 1,894 ಮೀ. ಎತ್ತರದ ಕುದುರೆಮುಖ ಶಿಖರ ಇರುವುದು 75 ಡಿಗ್ರಿ 16 ನಿಮಿಷ ರೇಖಾಂಶದ ಆಸುಪಾಸಿನಲ್ಲಿ. ಹಾಳೆ ಶುರುವಾಗುವುದೇ 75 ಡಿಗ್ರಿ 15 ನಿಮಿಷಕ್ಕೆ. ಅಂದರೆ ಶಿಖರದಿಂದ ಹಾಳೆಯ ಎಡ ಅಂಚಿಗೆ ನೆಲದ ಮೇಲೆ ಸುಮಾರು 2 ಕಿ.ಮೀ., ಕಾಗದದ ಮೇಲೆ ಸುಮಾರು 4 ಸೆಂ.ಮೀ. ಅಲ್ಲಿಂದಾಚೆಗೆ ಬೇರೆ ಹಾಳೆ, 48 ಓ/4. ತುದಿಯಲ್ಲಿ ನಿಂತವರು ಪಡುವಣಕ್ಕೆ ನೋಡುವ ಆ ಅಷ್ಟು ದೊಡ್ಡ ಇಳುಕಲಿನ ಬಹುಪಾಲು 48 ಓ/8ರಲ್ಲಿ ಇಲ್ಲವೇ ಇಲ್ಲ. ಇದು ತಯಾರಿಸಿದವರ ತಪ್ಪಲ್ಲ. ಚೌಕಗಳು ಡಿಗ್ರಿಯ ಲೆಕ್ಕಕ್ಕೆ ಬಿದ್ದಿವೆ, ಬೆಟ್ಟದ ಲೆಕ್ಕಕ್ಕಲ್ಲ. ಆದರೆ ಕೊಳ್ಳುವವರಿಗೆ ಗೊತ್ತಿರಬೇಕು. ಎರಡೂ ಹಾಳೆ ಇಳಿಸಿಕೊಂಡು, ಅಂಚಿನ ಬಿಳಿ ಕತ್ತರಿಸಿ ಹಿಂದಿನಿಂದ ಟೇಪ್ ಹಚ್ಚಿದರೆ ಶಿಖರ ನಡುವಿಗೆ ಬರುತ್ತದೆ. ಕಂಪ್ಯೂಟರ್ ಬಲ್ಲವರು ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ನಾಲ್ಕು ಮೂಲೆಗಳ ಅಕ್ಷಾಂಶ ರೇಖಾಂಶ ಕೊಟ್ಟು ಎರಡನ್ನೂ ಒಂದೇ ಚಿತ್ರವಾಗಿ ಹೊಲಿಯಬಹುದು. ಮೂಲೆಯ ಅಂಕಿಗಳು ಹಾಳೆಯ ಮೇಲೆಯೇ ಇರುತ್ತವೆ.

ಕಾಂಟೂರು ಎಂದರೆ ಒಂದೇ ಎತ್ತರದಲ್ಲಿ ಸಾಗುವ ಗೆರೆ. ಮಲೆನಾಡಿನವರಿಗೆ ಇದನ್ನು ಪುಸ್ತಕ ಹೇಳಿಕೊಡಬೇಕಾಗಿಲ್ಲ. ಗುಡ್ಡದ ಮಗ್ಗುಲಲ್ಲಿ ಮೆಟ್ಟಿಲು ಗದ್ದೆಗೆ ಅಂಚು ಹಾಕುವಾಗ ನೀರು ನಿಲ್ಲಬೇಕಾದರೆ ಅಂಚು ಏರದೆ ಇಳಿಯದೆ ಗುಡ್ಡದ ಮೈಯನ್ನೇ ಅನುಸರಿಸಿ ಬಾಗಬೇಕು. ಮೇಲಿನಿಂದ ನೋಡಿದರೆ ಆ ಅಂಚುಗಳೇ ಕಾಂಟೂರುಗಳು. ಈ ಹಾಳೆಯಲ್ಲಿ ಒಂದು ಗೆರೆಗೂ ಇನ್ನೊಂದಕ್ಕೂ 20 ಮೀ. ಎತ್ತರದ ಅಂತರ. ಐದನೆಯ ಪ್ರತಿ ಗೆರೆ ದಪ್ಪ, ಅಂದರೆ ದಪ್ಪ ಗೆರೆಯಿಂದ ದಪ್ಪ ಗೆರೆಗೆ 100 ಮೀ. ಕಾಗದದ 2 ಮಿ.ಮೀ. ಎಂದರೆ ನೆಲದ 100 ಮೀ. ಹಾಗಾಗಿ ಎರಡು ದಪ್ಪ ಗೆರೆಗಳ ನಡುವೆ 2 ಮಿ.ಮೀ. ಮಾತ್ರ ಜಾಗವಿದ್ದರೆ ಅಲ್ಲಿ ಇಳಿಜಾರು 45 ಡಿಗ್ರಿ. ಆ ಕಡೆ ಯಾರೂ ಕಾಲಿಡಬಾರದು, ಹುಲ್ಲು ಒದ್ದೆಯಾಗಿದ್ದರಂತೂ ಯೋಚಿಸಲೂ ಬಾರದು. ಎರಡರ ನಡುವೆ ಒಂದು ಸೆಂಟಿಮೀಟರ್ ಜಾಗವಿದ್ದರೆ 500 ಮೀ. ನಡೆಗೆ 100 ಮೀ. ಏರು, ಏದುಸಿರು ಬರುತ್ತದೆ ಅಷ್ಟೆ. ಮಕ್ಕಳಿಗೆ ನಾನು ಮೊದಲು ಹೇಳಿಕೊಡುವ ಲೆಕ್ಕ ಇದೇ.

48 ಓ/8ರ ಎಡಭಾಗವನ್ನು, ಪಕ್ಕದ 48 ಓ/4ನ್ನೂ ಜೋಡಿಸಿಕೊಂಡು, ಈ ಕಣ್ಣಿನಲ್ಲಿ ನೋಡಿ. ಕಳಸ, ಸಂಸೆಯ ಕಡೆಯಿಂದ ಗೆರೆಗಳು ಸಾವಕಾಶವಾಗಿ, ಒಂದರ ಹಿಂದೊಂದು ಗುಡ್ಡವಾಗಿ ಏರುತ್ತವೆ. ಘಟ್ಟದ ಏಣು ದಾಟಿದ್ದೇ ತಡ, ಬೆಳ್ತಂಗಡಿಯ ಕಡೆಗೆ ಕಂದು ಗೆರೆಗಳು ಒತ್ತೊತ್ತಾಗಿ ಬಿದ್ದು ಸಾವಿರ ಮೀಟರಿಗೂ ಹೆಚ್ಚು ಇಳಿಯುತ್ತವೆ. ಒಂದೇ ಬೆಟ್ಟ ಎರಡು ಮುಖ. ಹಳೆಯ ಕಾಲದಲ್ಲಿ ಈ ಶಿಖರಕ್ಕೆ ಸಂಸೆಪರ್ವತ ಎಂದು ಹೆಸರಿದ್ದದ್ದು ಏಕೆ, ಜನ ಸಂಸೆಯ ಕಡೆಯಿಂದಲೇ ಏಕೆ ಹತ್ತುತ್ತಿದ್ದರು ಎಂಬುದಕ್ಕೆ ಉತ್ತರ ಈ ಗೆರೆಗಳಲ್ಲೇ ಇದೆ.

ನನಗೆ ಈ ಹಾಳೆಯ ಮೇಲೆ ಪ್ರೀತಿ ಹುಟ್ಟಿಸಿದ್ದು ಶೋಲಾ ಕಾಡು. ಕುದುರೆಮುಖದ ಬೋಳುಗುಡ್ಡಗಳು ಹುಲ್ಲು ಹೊದ್ದಿರುತ್ತವೆ. ಕಾಡು ಇರುವುದು ಗುಡ್ಡ ಗುಡ್ಡಗಳ ಸಂದಿಯಲ್ಲಿ, ಹಳ್ಳದ ಎರಡೂ ಬದಿ. ಗಾಳಿ ಕಡಿಮೆ, ಮಣ್ಣು ಆಳ, ತೇವ ನಿಲ್ಲುವ ಜಾಗ. ಕಾಂಟೂರಿನಲ್ಲಿ ಈ ಸಂದಿಗಳು ಎತ್ತರದ ಕಡೆಗೆ ಚೂಪಾಗಿ ಮೊನೆ ಮಾಡಿದ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುತ್ತವೆ. ಮೊನೆ ತಗ್ಗಿನ ಕಡೆಗೆ ಬಾಗಿದ್ದರೆ ಅದು ಏಣು, ಅಲ್ಲಿ ಹುಲ್ಲು. ಆದ್ದರಿಂದ ಹಾಳೆಯ ಹಸಿರು ಬಣ್ಣವನ್ನು ಮುಚ್ಚಿಟ್ಟರೂ ಬರೀ ಗೆರೆ ನೋಡಿ ಎಲ್ಲಿ ಬಯಲು ಬಿಸಿಲು, ಎಲ್ಲಿ ನೆರಳು, ಎಲ್ಲಿ ನೀರು, ಎಲ್ಲಿ ಉಂಬಳ ಎಂದು ಹೇಳಬಹುದು. ಮುಳ್ಳೋಡಿಯಿಂದ ಹತ್ತುವ ದಾರಿ ಕೆಳಗೆ ಹಳ್ಳಗಳನ್ನು ದಾಟಿ, ಕಾಡು ಹೊಕ್ಕು ಹೊರಬಂದು, ಒಂಟಿಮರದ ಕಡೆಗೆ ಬರುವ ಹೊತ್ತಿಗೆ ಏಣು ಹಿಡಿಯುತ್ತದೆ. ಗೈಡ್ ಮುಂದೆ ಇದ್ದರೂ ಇದನ್ನು ಗೆರೆಯಲ್ಲಿ ಮೊದಲೇ ಓದಿದವರು ಬೇರೆಯೇ ರೀತಿ ನಡೆಯುತ್ತಾರೆ: ನೀರು ಎಲ್ಲಿ ತುಂಬಿಕೊಳ್ಳಬೇಕು, ಟೋಪಿ ಎಲ್ಲಿ ಬೇಕು, ಉಂಬಳಕ್ಕೆ ಉಪ್ಪಿನ ಪೊಟ್ಟಣ ಯಾವಾಗ ಕೈಗೆ ತೆಗೆದುಕೊಳ್ಳಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ.

ನಮ್ಮ ಜೊತೆ ಬರುವ ಗೈಡ್ ಸಂಸೆ ಕಡೆಯವರು, ಹುಟ್ಟಿದಾಗಿನಿಂದ ಆ ಗುಡ್ಡದಲ್ಲೇ ಇದ್ದವರು. ನಾವೆಲ್ಲ ಅವರನ್ನು ಭಾವ ಎಂದೇ ಕರೆಯುವುದು. ಹಾಳೆ ಬಿಡಿಸಿದಾಗಲೆಲ್ಲ ಹತ್ತಿರ ಬಂದು ಕೂರುತ್ತಾರೆ. "ನಿಮ್ಮ ಕಾಗದದಲ್ಲಿ ಈ ಹಳ್ಳ ಉಂಟಾ ಮೇಡಂ?" ಎಂದು ಕೇಳುತ್ತಾರೆ. ಇದ್ದರೆ ಅದರ ಹೆಸರು ಹೇಳುತ್ತಾರೆ, ಅದು ಯಾವ ತಿಂಗಳ ತನಕ ಹರಿಯುತ್ತದೆ ಎನ್ನುತ್ತಾರೆ. ನಾನು ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತೇನೆ. ಹಾಳೆಯ ರೂಢಿಯಲ್ಲಿ ವರ್ಷವಿಡೀ ನೀರಿರುವ ಹಳ್ಳ ನೀಲಿ, ಒಣಗುವುದು ಕಪ್ಪು. ಆದರೆ ಫೆಬ್ರುವರಿಯಲ್ಲಿ ಇದ್ದು ಏಪ್ರಿಲ್‌ನಲ್ಲಿ ಇಲ್ಲದ ನೀರಿಗೆ ಯಾವ ಬಣ್ಣವೂ ಇಲ್ಲ. ಆ ತಿಳಿವಳಿಕೆ ಭಾವನ ಹತ್ತಿರ ಇದೆ. ಇಂಥವರು ಊರೂರಿಗೆ ಇದ್ದಾರೆ. ಅವರ ಪಕ್ಕದಲ್ಲಿ ಕೂತು ಹಾಳೆ ತುಂಬಿಸುವ ಕೆಲಸವನ್ನು ನಮ್ಮ ಕಾಲೇಜುಗಳ ಭೂಗೋಳ ವಿಭಾಗಗಳು ಮಾಡಬೇಕು ಎಂಬುದು ನನ್ನ ಬಹುಕಾಲದ ಆಸೆ.

ಇನ್ನು ಕೊರತೆ. ಟೋಪೋಶೀಟ್‌ನಲ್ಲಿ ಕಾಲುದಾರಿ, ಗಾಡಿದಾರಿ, ಹೇರುದಾರಿಗಳಿಗೆ ಬೇರೆ ಬೇರೆ ಕೆಂಪು ತುಂಡುಗೆರೆಗಳಿವೆ. ಅವು ಅಳತೆ ನಡೆದ ವರ್ಷದ ದಾರಿಗಳು. ಅಂಚಿನಲ್ಲಿ ಆ ವರ್ಷ ಮುದ್ರಿಸಿರುತ್ತಾರೆ, ಅದನ್ನು ನೋಡದೆ ಹಾಳೆ ಓದಲು ಶುರುಮಾಡಬೇಡಿ. ಕುದುರೆಮುಖದಂಥ ಕಡೆ ಇದು ಸಣ್ಣ ಮಾತಲ್ಲ. 1987ರಲ್ಲಿ 600 ಚದರ ಕಿ.ಮೀ. ಆಸುಪಾಸಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು. ಸುಪ್ರೀಂ ಕೋರ್ಟಿನ 2002ರ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿ ನಿಂತಿತು. ಉದ್ಯಾನದ ಒಳಗಿದ್ದ ಕುಟುಂಬಗಳಲ್ಲಿ ಹಲವು ಹೊರಗೆ ಬಂದವು. ಜನ ಎದ್ದು ಹೋದ ಹಡ್ಲಿಗೆ (ಪಾಳುಬಿದ್ದ ಗದ್ದೆಗೆ) ಹೋಗುವ ಕಾಲುದಾರಿ ಕೆಲವು ಮಳೆಗಾಲದೊಳಗೆ ಹುಲ್ಲಿನಲ್ಲಿ ಅಳಿಯುತ್ತದೆ. ಪ್ರವಾಸಿಗಳು ತುಳಿದ ಹೊಸ ದಾರಿ ಅಷ್ಟೇ ಬೇಗ ಏಳುತ್ತದೆ. ನೆಲದ ಮೈ ಮಾತ್ರ ಹಾಗೇ ಇರುತ್ತದೆ. ಐದಕ್ಕೆ ಐದು, ಐದಕ್ಕೆ ಎರಡು ಎಂದು ಬೇರೆ ಬೇರೆ ಅಂಕ ಕೊಟ್ಟದ್ದು ಈ ಕಾರಣಕ್ಕೆ.

20 ಮೀ. ಅಂತರಕ್ಕೂ ಒಂದು ಮಿತಿ ಇದೆ. 15 ಮೀ. ಎತ್ತರದ ನೇರ ಬಂಡೆ ಎರಡು ಗೆರೆಗಳ ನಡುವೆ ಪೂರಾ ಅಡಗಬಲ್ಲದು. ನಾಲ್ಕು ಅಂತಸ್ತಿನ ಕಟ್ಟಡದಷ್ಟು ಎತ್ತರ ಅದು. ಅಬ್ಬಿಯ (ಜಲಪಾತದ) ನೆತ್ತಿ, ದರೆಯ ಅಂಚು, ಮಳೆಗೆ ಕುಸಿದ ಜಾಗ, ಇವು ಹಾಳೆಯಲ್ಲಿ ಇಲ್ಲ ಎಂದ ಮಾತ್ರಕ್ಕೆ ನೆಲದಲ್ಲಿ ಇಲ್ಲ ಎಂದಲ್ಲ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಮಾತು ಬಯಲುಸೀಮೆಗೆ ಸರಿ. ಘಟ್ಟದಲ್ಲಿ ಹಳ್ಳ ಹಿಡಿದವರಿಗೆ ಸಿಗುವುದು ಅಬ್ಬಿ. ಮಂಜು ಕವಿದು ದಾರಿ ಕಾಣದಾದರೆ ಏಣಿನ ಮೇಲೇ ಇರಿ, ಕೂಗಿ, ಕಾಯಿರಿ, ಬಂದ ಏಣಿನಲ್ಲೇ ಹಿಂದಕ್ಕೆ ಬನ್ನಿ. ಏಣು ಯಾವ ಕಡೆ ಓಡುತ್ತದೆ ಎಂಬುದನ್ನು ಈ ಹಾಳೆ ಒಂದು ಸಾಮಾನ್ಯ ದಿಕ್ಸೂಚಿಯ ಜೊತೆ ಸೇರಿ ಹೇಳುತ್ತದೆ. ನಮ್ಮ ಕಡೆ ಕಾಂತೀಯ ಉತ್ತರಕ್ಕೂ ನಿಜವಾದ ಉತ್ತರಕ್ಕೂ ಇರುವ ವ್ಯತ್ಯಾಸ ಒಂದೆರಡು ಡಿಗ್ರಿಯೊಳಗೆ, ನಡೆಯುವವರು ಅದನ್ನು ಮರೆತರೂ ನಡೆಯುತ್ತದೆ.

ಫೋನಿನ ನಕ್ಷೆಗಳ ಜೊತೆ ಹೋಲಿಸದೆ ವಿಮರ್ಶೆ ಪೂರ್ತಿಯಾಗದು. ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ನಕ್ಷೆಗಳಲ್ಲಿ ಕಾಲುದಾರಿ ಟೋಪೋಶೀಟ್‌ಗಿಂತ ಹೊಸದು, ಏಕೆಂದರೆ ನಡೆದವರೇ ಜಿಪಿಎಸ್ ಜಾಡು ತಂದು ಸೇರಿಸಿದ್ದಾರೆ. ಅವರ ಕೆಲಸಕ್ಕೆ ನನ್ನ ಗೌರವವಿದೆ, ದಾರಿಯ ಮಟ್ಟಿಗೆ ನಾನು ಅದನ್ನೇ ನೋಡುವುದು. ಆದರೆ ಅಂಥ ನಕ್ಷೆಗಳ ಕಾಂಟೂರು ಹೆಚ್ಚಾಗಿ 2000ದ ಫೆಬ್ರುವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ರಾಡಾರ್ ಹಾಯಿಸಿ ಪಡೆದ ಎತ್ತರದ ದತ್ತಾಂಶದಿಂದ ಬಂದದ್ದು. ಸುಮಾರು 30 ಮೀ.ಗೆ ಒಂದು ಅಂಕಿ. ದಟ್ಟ ಕಾಡಿನಲ್ಲಿ ಆ ರಾಡಾರ್ ಪೂರಾ ನೆಲಕ್ಕೆ ಇಳಿಯದೆ ಮರದ ತಲೆಯಿಂದಲೇ ಮರಳುತ್ತದೆ. ಆದ್ದರಿಂದ ಹುಲ್ಲುಗುಡ್ಡ ಮುಗಿದು ಶೋಲಾ ಶುರುವಾಗುವ ಕಡೆ ಮರದ ಎತ್ತರವೂ ನೆಲದ ಎತ್ತರದೊಳಗೆ ಸೇರಿಕೊಂಡು ಕಿರಿದಾದ ಸಂದಿಗಳು ಮಸುಕಾಗುತ್ತವೆ. ಕುದುರೆಮುಖದಲ್ಲಿ ನಮಗೆ ಬೇಕಾದದ್ದು ಆ ಸಂದಿಗಳೇ. ಟೋಪೋಶೀಟ್‌ನ ಕಾಂಟೂರು ಸರ್ವೆಯರುಗಳು ನೆಲದ ಆಕಾರ ತಿಳಿದು ಎಳೆದದ್ದು, ಹಳ್ಳಕ್ಕೂ ಗೆರೆಗೂ ತಾಳೆ ಇರುತ್ತದೆ.

ಜನಪ್ರಿಯವಾದ ಇನ್ನೊಂದು ಆ್ಯಪ್ ಇದೆ, ಹೆಸರು ಬೇಡ. ಅದರಲ್ಲಿ ಗುಡ್ಡ ಬರೀ ಹಸಿರು ಬಣ್ಣ, ನಡುವೆ ಒಂದು ಚುಕ್ಕೆಸಾಲು. ಅದನ್ನೇ ನಂಬಿ ಬಂದ ಹುಡುಗರು ಇನ್ನೆಷ್ಟು ದೂರ ಎಂದು ಕೇಳುತ್ತಾರೆ, ಇನ್ನೆಷ್ಟು ಏರು ಎಂದು ಕೇಳಲು ಅವರಿಗೆ ತೋಚುವುದೇ ಇಲ್ಲ. ಬೆಟ್ಟದಲ್ಲಿ ಹೊತ್ತನ್ನು ನಿರ್ಧರಿಸುವುದು ಏರು. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಹೇಳಿದ ಲೆಕ್ಕ ಈಗಲೂ ಚಾಲ್ತಿಯಲ್ಲಿದೆ: 5 ಕಿ.ಮೀ.ಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀ. ಏರಿಗೆ ಇನ್ನೊಂದು ಗಂಟೆ. ನಮ್ಮ ಸೆಕೆ, ನಮ್ಮ ಹುಲ್ಲು, ಗುಂಪಿನ ನಡಿಗೆ ಎಲ್ಲ ಸೇರಿಸಿ ನಾನು ಅದಕ್ಕೆ ಅರ್ಧದಷ್ಟು ಕೂಡಿಸುತ್ತೇನೆ. ದಪ್ಪ ಗೆರೆಗಳನ್ನು ಎಣಿಸಿದರೆ ಉತ್ತರ ಸಿಕ್ಕಿತು. ಉದ್ಯಾನದೊಳಗೆ ರಾತ್ರಿ ಉಳಿಯಲು ಬಿಡುವುದಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ಹೀಗಿರುವಾಗ ಈ ಎಣಿಕೆ ಬೆಳಿಗ್ಗೆ ಹೊರಡುವ ಮೊದಲೇ ಆಗಿರಬೇಕು.

ಜಿಪಿಎಸ್ ಜೊತೆ ಬಳಸುವವರಿಗೆ ಒಂದು ಎಚ್ಚರಿಕೆ. ಕಾಲೇಜು, ಕಚೇರಿಗಳ ಬೀರುವಿನಲ್ಲಿ ಇನ್ನೂ ಇರುವ ಹಳೆಯ ಹಾಳೆಗಳು ಎವರೆಸ್ಟ್ ಗೋಳಾಭವನ್ನು, ಅಂದರೆ ಭೂಮಿಯ ಆಕಾರದ ಒಂದು ಹಳೆಯ ಲೆಕ್ಕವನ್ನು, ಆಧಾರ ಮಾಡಿಕೊಂಡವು. ಓಪನ್ ಸೀರೀಸ್ ಹಾಳೆಗಳು ಡಬ್ಲ್ಯುಜಿಎಸ್ 84 ಎಂಬ ಹೊಸ ಲೆಕ್ಕದವು, ನಿಮ್ಮ ಫೋನಿನ ಜಿಪಿಎಸ್ ಮಾತಾಡುವುದೂ ಅದೇ; ಅವುಗಳ ಚೌಕಗಳು ಯುಟಿಎಂ, ಅಂದರೆ ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಹೇಳುವ ಪದ್ಧತಿಯವು. ಹಳೆಯ ಹಾಳೆಗೆ ಫೋನಿನ ಅಂಕಿ ಹಾಕಿದರೆ ನಮ್ಮ ಭಾಗದಲ್ಲಿ ನೂರು ಮೀಟರಿಗೂ ಮೀರಿ ಆಚೀಚೆ ಆಗುತ್ತದೆ. ಏಣಿನ ಮೇಲಿದ್ದವರನ್ನು ಹಳ್ಳದಲ್ಲಿ ತೋರಿಸಲು ಅಷ್ಟು ಸಾಕು. ಯುಟಿಎಂ ಅಂಕಿ ಓದುವುದು ನಮ್ಮವರಿಗೆ ಸುಲಭ, ಏಕೆಂದರೆ 43ನೆಯ ವಲಯದ ನಡುಗೆರೆ 75 ಡಿಗ್ರಿ ರೇಖಾಂಶ, ಅದು ಇಲ್ಲೇ ಪಕ್ಕದಲ್ಲಿ ಹಾದುಹೋಗುತ್ತದೆ. ನಡುಗೆರೆಗೆ 500 ಕಿ.ಮೀ. ಎಂದು ಅಂಕಿ ಕೊಟ್ಟಿರುವುದರಿಂದ ಶಿಖರದ ಪೂರ್ವಾಂಕ ಸುಮಾರು 529 ಕಿ.ಮೀ., ಅಂದರೆ 75 ಡಿಗ್ರಿ ಗೆರೆಯಿಂದ 29 ಕಿ.ಮೀ. ಪೂರ್ವ. ಉತ್ತರಾಂಕ ಸುಮಾರು 1,451 ಕಿ.ಮೀ., ಭೂಮಧ್ಯರೇಖೆಯಿಂದ ಅಷ್ಟು ದೂರ. ಯಾರಿಗಾದರೂ ಕಾಲು ಉಳುಕಿದರೆ ಕೆಳಗಿದ್ದವರಿಗೆ "ದೊಡ್ಡ ಬಂಡೆಯ ಹತ್ತಿರ" ಎನ್ನುವ ಬದಲು ಈ ಎರಡು ಅಂಕಿ ಹೇಳಿದರೆ ಅವರು ಬರುವುದು ಬೇಗ. ನೆಟ್‌ವರ್ಕ್ ಸಿಕ್ಕಿದ ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಬಹುದಾದ ಮಾತು ಅದು.

ಕನ್ನಡದವಳಾಗಿ ನನಗೆ ನೋವು ಕೊಡುವ ಸಂಗತಿ, ಹಾಳೆಯ ಊರು ಹಳ್ಳ ಗುಡ್ಡಗಳ ಹೆಸರೆಲ್ಲ ಇಂಗ್ಲಿಷ್ ಅಕ್ಷರದಲ್ಲಿವೆ. ಸಂಸೆಯ ಶಾಲೆಯ ಐದನೇ ತರಗತಿಯ ಮಗು ತನ್ನ ಊರಿನ ನಕ್ಷೆಯಲ್ಲಿ ತನ್ನ ಊರಿನ ಹೆಸರು ಓದಲು ತಡವರಿಸುತ್ತದೆ. ಕನ್ನಡದಲ್ಲಿ ಹೆಸರು ಹಾಕಿದ 1:50,000 ಹಾಳೆಗಳು ಬೇಕು. ಸರ್ಕಾರ ಮಾಡದಿದ್ದರೆ ಈಗಿನ ನಿಯಮದಲ್ಲಿ ಜನರೇ ಮಾಡಬಹುದು, ಒಂದೊಂದು ತಾಲೂಕಿನವರು ಒಂದೊಂದು ಹಾಳೆ ವಹಿಸಿಕೊಂಡರೂ ಮಲೆನಾಡು ಮುಗಿಯುತ್ತದೆ. ಘಟ್ಟದ ಏಣಿಗಾದರೂ 1:25,000 ಅಳತೆ, 10 ಮೀ. ಅಂತರದ ಕಾಂಟೂರು ಸಿಗಲಿ ಎಂಬುದು ಇನ್ನೊಂದು ಬೇಡಿಕೆ. ಮೂರನೆಯದು, ಅರಣ್ಯ ಇಲಾಖೆ ಚಾರಣಕ್ಕೆ ಆನ್‌ಲೈನ್‌ನಲ್ಲಿ ಅನುಮತಿ ಕೊಡುತ್ತದಲ್ಲ, ಆ ಚೀಟಿಯ ಜೊತೆಗೆ ಆ ದಾರಿಯ ಟೋಪೋ ತುಂಡೊಂದನ್ನೂ ಕೊಡಲಿ. ತೆರೆದಿರುವ ದಾರಿ, ಮುಚ್ಚಿರುವ ದಾರಿ, ನೀರು, ಅಪಾಯದ ಅಂಚು ಗುರುತಿಸಿದ ಒಂದು ಎ4 ಹಾಳೆ ಸಾಕು. ಸಾವಿರಾರು ಜನ ಹತ್ತುವ ಬೆಟ್ಟಕ್ಕೆ ಅಷ್ಟು ಆಗಲೇಬೇಕು.

ಬೇರೆ ಬೆಟ್ಟಗಳಿಗೆ ಹಾಳೆ ಯಾವುದು ಎಂದು ಕೇಳುವವರಿಗೆ: ಹಳೆಯ ಪದ್ಧತಿಯಲ್ಲಿ 4 ಡಿಗ್ರಿಯ ಚೌಕಕ್ಕೆ ಒಂದು ಅಂಕಿ, ಅದರೊಳಗೆ ಒಂದು ಡಿಗ್ರಿಯ ಚೌಕಗಳಿಗೆ ಎ ಇಂದ ಪಿ ತನಕ ಅಕ್ಷರ, ಅದರೊಳಗೆ 15 ನಿಮಿಷದ ಹಾಳೆಗಳಿಗೆ 1ರಿಂದ 16. ಎಣಿಕೆ ವಾಯವ್ಯ ಮೂಲೆಯಿಂದ ಶುರುವಾಗಿ ಮೇಲಿನಿಂದ ಕೆಳಗೆ ಇಳಿದು ಬಲಕ್ಕೆ ಸರಿಯುತ್ತದೆ. ಈ ಲೆಕ್ಕದಲ್ಲಿ 1,930 ಮೀ.ನ ಮುಳ್ಳಯ್ಯನಗಿರಿ 48 ಓ/11, ಕುಮಾರಪರ್ವತ 48 ಪಿ/10, ಕೊಡಗಿನ ತಡಿಯಂಡಮೋಳ್ 48 ಪಿ/12. ಕೊಡಚಾದ್ರಿ 75 ಡಿಗ್ರಿ ಗೆರೆಯ ಪಡುವಣಕ್ಕೆ ಇರುವುದರಿಂದ ಅಕ್ಷರವೇ ಬದಲಾಗಿ 48 ಕೆ/13 ಆಗುತ್ತದೆ. ಓಪನ್ ಸೀರೀಸ್ ಹಾಳೆಗಳಿಗೆ ಡಿ43 ಎಂದು ಶುರುವಾಗುವ ಹೊಸ ಸಂಖ್ಯೆ ಇದೆ, ಅದರ ಅಕ್ಷರಗಳ ಕ್ರಮ ಬೇರೆ. ಇಳಿಸಿಕೊಳ್ಳುವಾಗ ಮೂಲೆಯ ಅಕ್ಷಾಂಶ ರೇಖಾಂಶ ನೋಡಿ ಖಚಿತ ಮಾಡಿಕೊಳ್ಳಿ, ಸುತ್ತಲಿನ ಹಾಳೆಗಳನ್ನೂ ಅದೇ ಹೊತ್ತಿಗೆ ಇಳಿಸಿಕೊಂಡುಬಿಡಿ.